ಹೊಳೆ ದಡದಲ್ಲಿ ಪಾರ್ಕ್: ಮೊದಲು ತಡೆಗೋಡೆ ಕಟ್ಟಬೇಕಾ?

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕಿನ ಸಣ್ಣ ಊರು. ಕಾವೇರಿ ದಡದಲ್ಲಿ ಪಾರ್ಕ್ ಮಾಡೋಣ ಅಂತ ಪಂಚಾಯ್ತಿಯಲ್ಲಿ ಮಾತು ನಡೆದಿದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಎಲ್ಲ ಕೊಚ್ಚಿ ಹೋಗುತ್ತದೆ, ಮೊದಲು ತಡೆಗೋಡೆ ಕಟ್ಟಿ ಅನ್ನುತ್ತಾರೆ ಕೆಲವರು. ಸರಿನಾ?

ಉತ್ತರ: ಗೋಡೆ ಮಾತು ಆಮೇಲೆ. ಮೊದಲು ನೀರು ಎಲ್ಲಿವರೆಗೆ ಏರುತ್ತದೆ ಅಂತ ಗುರುತು ಹಾಕಿ. ಅದಕ್ಕೆ ಎಂಜಿನಿಯರ್ ಬರುವ ತನಕ ಕಾಯಬೇಕಿಲ್ಲ. ದಡದ ಹೊಂಗೆ ಕೊಂಬೆ ನೋಡಿ. ಒಣಹುಲ್ಲು, ಹರಿದ ಸೀರೆ ಚೂರು, ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿದ್ದರೆ ಹೊಳೆ ಅಲ್ಲಿವರೆಗೆ ಬಂದು ಹೋಗಿದೆ. 2018, 2019ರಲ್ಲಿ ನೀರು ಎಲ್ಲಿ ನಿಂತಿತ್ತು ಅಂತ ಬಟ್ಟೆ ಒಗೆಯುವ ಹೆಂಗಸರನ್ನು, ತೆಪ್ಪ ಹಾಕುವವರನ್ನು ಕೇಳಿ.

ಕೆಆರ್‌ಎಸ್ 124.80 ಅಡಿ ತುಂಬಿದ ಮೇಲೆ ಬಂದ ನೀರನ್ನೆಲ್ಲ ಬಿಡಲೇಬೇಕು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 28 ಲಕ್ಷ ಲೀಟರ್. ಅದರ ಮುಂದೆ ನಿಮ್ಮ ಗೋಡೆ ಯಾವ ಲೆಕ್ಕ?

ಎಷ್ಟೋ ಗೋಡೆಗಳು ಬೀಳುವುದು ನೀರು ಇಳಿಯುವಾಗ. ಗೇಟ್ ಮುಚ್ಚಿದರೆ ಹೊಳೆ ಬೇಗ ತಗ್ಗುತ್ತದೆ. ಗೋಡೆ ಹಿಂದಿನ ಮಣ್ಣು ಮಾತ್ರ ನೀರು ಕುಡಿದು ಭಾರವಾಗಿ ಕೂತಿರುತ್ತದೆ, ಹೊಳೆ ಕಡೆಗೆ ದೂಡುತ್ತದೆ. ಬುಡವನ್ನು ಪ್ರವಾಹ ಮೊದಲೇ ಕೊರೆದಿರುತ್ತದಲ್ವಾ? ದಡ ನಿಜವಾಗಿಯೂ ಕುಸಿಯುತ್ತಿದ್ದರೆ ಕಾಡುಗಲ್ಲು ಹಾಸಿದ ಇಳಿಜಾರು ವಾಸಿ.

ಗುರುತಿನ ಕೆಳಗೆ ಮುಳುಗಿದರೂ ಕೆಡದಂಥದ್ದನ್ನು ಮಾತ್ರ ಇಡಿ. ಕಲ್ಲಿನ ಮೆಟ್ಟಿಲು, ಗರಿಕೆ, ನೆಲದಲ್ಲಿ ಹೂತ ಚಪ್ಪಡಿಕಲ್ಲಿನ ಬೆಂಚು. ನಂಜನಗೂಡಿನ ಹದಿನಾರು ಕಾಲು ಮಂಟಪ ನೋಡಿದ್ದೀರಲ್ಲ? ಕಪಿಲೆ ಉಕ್ಕಿದಾಗ ಮುಳುಗುತ್ತದೆ, ಇಳಿದ ಮೇಲೆ ಹಾಗೇ ನಿಂತಿರುತ್ತದೆ. ಕಂಬಗಳ ನಡುವೆ ನೀರಿಗೆ ದಾರಿ ಇದೆ. ಇಂಟರ್‌ಲಾಕ್ ಟೈಲ್ಸ್ ಆಸೆ ಬಿಟ್ಟುಬಿಡಿ. ಒಂದೂರಿನ ಪಾರ್ಕಿಗೆ ನೀರು ಇಳಿದ ಮಾರನೇ ದಿನ ಹೋಗಿದ್ದೆ. ಟೈಲ್ಸ್ ಹಪ್ಪಳದ ಹಾಗೆ ಎದ್ದಿದ್ದವು, ಅಡಿಗೆ ಹಾಕಿದ್ದ ಮರಳೇ ಇರಲಿಲ್ಲ. ಜಾರುಬಂಡೆ, ಕರೆಂಟ್ ಕಂಬ, ಶೌಚಾಲಯ ಎಲ್ಲ ಗುರುತಿನ ಮೇಲಕ್ಕೆ. ಶೌಚಾಲಯದ ಗುಂಡಿಯೂ ಅಷ್ಟೇ, ಇದನ್ನು ಮರೆಯುವವರು ಜಾಸ್ತಿ.

ಗಿಡಕ್ಕೆ ಹೊಳೆಮತ್ತಿ, ಹೊಂಗೆ, ನೇರಳೆ ಸಾಕು. ಅಂಚಿಗೆ ಲಾವಂಚ ಹಾಕಿ, ಅದರ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ನರ್ಸರಿಯ ಪಾಮ್ ಗಿಡ ಸುಮ್ನೆ ದುಡ್ಡು ದಂಡ.

ದನ ಇಳಿಯುವ ದಾರಿಗೆ, ಒಗೆಯುವ ಕಲ್ಲಿಗೆ ಬೇಲಿ ಹಾಕಬೇಡಿ. ಹಾಕಿದರೆ ಮೊದಲ ವಾರವೇ ತಂತಿ ಕತ್ತರಿಸುತ್ತಾರೆ, ಕತ್ತರಿಸಲಿ ಬಿಡಿ. ಕೊನೆ ಮೆಟ್ಟಿಲಿಗೆ ಮಾತ್ರ ಸರಪಳಿ ಬೇಕು. ಪಾಚಿ ಕಟ್ಟಿದ ಕಲ್ಲಲ್ಲಿ ಜಾರಿದವರಿಗೆ ಹಿಡಿಯಲು ಬೇರೇನೂ ಇರುವುದಿಲ್ಲ.

ಜಾಗ ಯಾರದು ಅಂತ ಸರ್ವೆಯರ್ ಕರೆಸಿ ಅಳೆಸಿ, ನೀರಾವರಿ ಇಲಾಖೆಯನ್ನೂ ಕೇಳಿ. ಹೂಳು ತೆಗೆಯುವವರು ಯಾರು ಅಂತ ಈಗಲೇ ಗೊತ್ತು ಮಾಡಿ. ನೀರು ಇಳಿದ ದಿನವೇ ಪೈಪ್ ಹಿಡಿದರೆ ಕೆಸರು ತೊಳೆದು ಹೋಗುತ್ತದೆ. ಒಣಗಲು ಬಿಟ್ಟರೆ ಹಾರೆ, ಸನಿಕೆ ಹುಡುಕಬೇಕು.