ಕೂಡಿಕೊಂಡ ಮೂತ್ರಪಿಂಡದಲ್ಲಿ ಕಲ್ಲು: ಬೇರ್ಪಡಿಸಲೇಬೇಕೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಪಾಂಡವಪುರದ ಹತ್ತಿರ ಆಲೆಮನೆಯಲ್ಲಿ ಕೆಲಸ. ಸೊಂಟನೋವೆಂದು ಮಂಡ್ಯದಲ್ಲಿ ಸ್ಕ್ಯಾನ್ ಮಾಡಿಸಿದಾಗ, ಎರಡೂ ಮೂತ್ರಪಿಂಡಗಳು ಕೂಡಿಕೊಂಡಿವೆ, ಎಡಗಡೆ 22 ಮಿ.ಮೀ. ಕಲ್ಲಿದೆ ಎಂದರು. ಕಲ್ಲು ತೆಗೆಯುವಾಗ ಮೂತ್ರಪಿಂಡಗಳನ್ನೂ ಬಿಡಿಸುತ್ತಾರೆಯೇ?

ಉತ್ತರ: ಇಲ್ಲ. ಕಲ್ಲನ್ನಷ್ಟೇ ತೆಗೆಯುತ್ತಾರೆ. ಕೂಡಿಕೊಂಡ ಭಾಗಕ್ಕೆ ತನ್ನದೇ ರಕ್ತನಾಳಗಳಿರುತ್ತವೆ; ಸುಮ್ಮನೆ ಅದಕ್ಕೆ ಕತ್ತರಿ ಹಾಕುವುದು ಅಪಾಯ.

ಗರ್ಭದಲ್ಲಿ ಮೂತ್ರಪಿಂಡಗಳು ಮೂಡುವುದು ಕಿಬ್ಬೊಟ್ಟೆಯ ತಳದಲ್ಲಿ. ಮೇಲೇರುವ ಮೊದಲೇ ಅವುಗಳ ಕೆಳತುದಿಗಳು ಸೇರಿಕೊಂಡರೆ ಕುದುರೆ ಲಾಳದ ಆಕಾರ ಬರುತ್ತದೆ. ಸುಮಾರು 500 ಜನರಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಇದು ಯಾರ ತಪ್ಪೂ ಅಲ್ಲ, ರೋಗವೂ ಅಲ್ಲ. ತೊಂದರೆ ಇರುವುದು ಮೂತ್ರ ಹರಿಯುವ ದಾರಿಯಲ್ಲಿ. ಮೂತ್ರನಾಳ ಆ ಬೆಸುಗೆಯನ್ನು ಹತ್ತಿ ಇಳಿಯಬೇಕು. ನಾಲೆಯಲ್ಲಿ ನೀರು ನಿಂತ ಕಡೆ ಹೂಳು ಕೂರುವಂತೆ ಇಲ್ಲಿ ಕಲ್ಲು ಕೂರುತ್ತದೆ.

ಹೊರಗಿನಿಂದ ತರಂಗ ಹಾಯಿಸಿ ಕಲ್ಲನ್ನು ಒಡೆಯಬಹುದು, ಆದರೆ ಚೂರುಗಳು ಇಳಿದು ಹೋಗುವುದು ಕಷ್ಟ. ಚಿಕ್ಕ ಕಲ್ಲಾದರೆ ಮೂತ್ರದ ದಾರಿಯಲ್ಲೇ ಬಾಗುವ ದುರ್ಬೀನು ಕಳುಹಿಸಿ ಲೇಸರ್‌ನಿಂದ ಪುಡಿ ಮಾಡುತ್ತಾರೆ. 20 ಮಿ.ಮೀ. ದಾಟಿದ ಕಲ್ಲಿಗೆ ಸಾಮಾನ್ಯವಾಗಿ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ತೆಗೆಯುವ ಪಿಸಿಎನ್‌ಎಲ್ ಸೂಕ್ತ. ಹುರುಳಿಕಟ್ಟು, ಬಾಳೆದಿಂಡಿನ ರಸ ಕುಡಿಯಲಿ, ಬೇಡವೆನ್ನುವುದಿಲ್ಲ, ಕೆಲವೇ ಮಿ.ಮೀ. ಅಗಲದ ನಾಳದಲ್ಲಿ ಇಷ್ಟು ದೊಡ್ಡ ಕಲ್ಲು ಮಾತ್ರ ಜಾರಿ ಬರುವುದಿಲ್ಲ.

ಲಾಳದ ಮೂತ್ರಪಿಂಡದಲ್ಲಿ ರಂಧ್ರವನ್ನು ಹೆಚ್ಚಾಗಿ ಮೇಲ್ತುದಿಯಿಂದ ಮಾಡುತ್ತಾರೆ. ಬೇರೆಯವರಲ್ಲಿ ಅಲ್ಲಿ ಚುಚ್ಚಿದರೆ ಶ್ವಾಸಕೋಶದ ಪೊರೆಗೆ ತಗಲುವ ಭಯವಿದೆ. ಇಲ್ಲಿ ಮೂತ್ರಪಿಂಡವೇ ಕೆಳಗಿರುವುದರಿಂದ ಆ ಭಯ ಕಡಿಮೆ. ಆದರೆ ಚರ್ಮದಿಂದ ಕಲ್ಲಿನವರೆಗಿನ ದೂರ ಹೆಚ್ಚು, ಉದ್ದನೆಯ ಉಪಕರಣ ಬೇಕಾಗಬಹುದು. ಕೆಲವರಲ್ಲಿ ದೊಡ್ಡ ಕರುಳು ಮೂತ್ರಪಿಂಡದ ಹಿಂದೆ ಬಂದಿರುತ್ತದೆ. ರಕ್ತನಾಳಗಳೂ ಒಬ್ಬೊಬ್ಬರಲ್ಲಿ ಒಂದೊಂದು ತೆರ. ಆದ್ದರಿಂದ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಆಗದೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಇಂಥ ಮೂತ್ರಪಿಂಡದಲ್ಲಿ ಮೊದಲು ಕೈ ಆಡಿಸಿದ್ದೀರಾ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಅದು ಉದ್ಧಟತನವಲ್ಲ.

ಚಿಕಿತ್ಸೆಯ ನಂತರ ಮೂತ್ರನಾಳದೊಳಗೆ ಸ್ಟೆಂಟ್ ಎಂಬ ತೆಳುವಾದ ಕೊಳವೆ ಇಟ್ಟಿದ್ದರೆ, ಅದನ್ನು ತೆಗೆಸುವ ದಿನಾಂಕವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ನೋವು ಹೋಯಿತೆಂದು ಕಬ್ಬು ಕಡಿಯುವ ಕಾಲದಲ್ಲಿ ಅದನ್ನು ಮರೆತುಬಿಡುವುದು ಸುಲಭ. ಮರೆತ ಕೊಳವೆಯ ಮೇಲೂ ಕಲ್ಲು ಕಟ್ಟುತ್ತದೆ. ತೆಗೆದ ಕಲ್ಲನ್ನು ಪರೀಕ್ಷೆಗೆ ಕಳುಹಿಸಲು ಹೇಳಿ. ಹರಿವಿನ ತೊಡಕು ಹಾಗೇ ಉಳಿಯುವುದರಿಂದ ಕಲ್ಲು ಮರಳಬಹುದು. ಕೊಪ್ಪರಿಗೆಯ ಮುಂದೆ ಬೆವರು ಸುರಿಸುವವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು.

ಒಂದು ಮಾತು ತುರ್ತಿನದು. ಶಸ್ತ್ರಚಿಕಿತ್ಸೆಯ ದಿನಕ್ಕೆ ಕಾಯುತ್ತಿರುವಾಗ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎನ್ನಬೇಡಿ. ಆ ರಾತ್ರಿಯೇ ಕರೆದುಕೊಂಡು ಹೋಗಿ.