ಮರುಹೆಸರು: ಮೇಜಿನ ಮೇಲಿನ ‘ಫೋನ್’ ‘ಲ್ಯಾಂಡ್‌ಲೈನ್’ ಆದ ಬಗೆ

ನಮ್ಮ ಮನೆಯಲ್ಲಿ ಕೆಲವು ವರ್ಷ ಎರಡು ಫೋನ್‌ಗಳಿದ್ದವು. ಒಂದು ಮೇಜಿನ ಮೇಲೆ, ತಂತಿಗೆ ಕಟ್ಟಿಕೊಂಡು. ಇನ್ನೊಂದು ನನ್ನ ಜೇಬಿನಲ್ಲಿ. ಅಮ್ಮನಿಗೆ ಮೇಜಿನ ಮೇಲಿನದೇ ‘ಫೋನ್’, ಜೇಬಿನಲ್ಲಿರುವುದು ‘ಮೊಬೈಲ್’. ಮಗಳು ಮಾತು ಕಲಿತಾಗ ಜೇಬಿನದೇ ‘ಫೋನ್’ ಆಯಿತು, ಮೇಜಿನದು ‘ಲ್ಯಾಂಡ್‌ಲೈನ್’ ಆಯಿತು. ಒಂದು ಸಂಜೆ ಅಮ್ಮ ಒಳಗಿನಿಂದ, “ಫೋನ್ ಬರುತ್ತಿದೆ, ಎತ್ತು ಪುಟ್ಟಿ” ಎಂದು ಕೂಗಿದರು. ಮಗಳು ನನ್ನ ಜೇಬಿನ ಕಡೆಗೆ ನೋಡಿ, “ಇಲ್ಲ ಅಜ್ಜಿ, ಫೋನ್ ಸುಮ್ಮನಿದೆ. ಬಡಿದುಕೊಳ್ಳುತ್ತಿರುವುದು ಲ್ಯಾಂಡ್‌ಲೈನ್” ಎಂದಳು. ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ನಡುವೆ ಕುಳಿತಿದ್ದ ನನಗೆ ಎರಡು ಭಾಷೆಯೂ ತಿಳಿಯುತ್ತಿತ್ತು.

ಇಲ್ಲಿ ‘ಲ್ಯಾಂಡ್‌ಲೈನ್’ ಎಂಬ ಹೆಸರು ಎಂಥದು ಎಂದು ಯೋಚಿಸಿ. ಆ ಉಪಕರಣ ಹೊಸದಲ್ಲ, ಅದರಲ್ಲಿ ಏನೂ ಬದಲಾಗಿರಲಿಲ್ಲ. ಅದಕ್ಕೆ ಆಗಲೇ ಒಂದು ಹೆಸರೂ ಇತ್ತು. ಆದರೆ ಅದೇ ಜಾತಿಯ ಇನ್ನೊಂದು ವಸ್ತು ಬಂದು ಆ ಹೆಸರನ್ನು ತನ್ನದಾಗಿಸಿಕೊಂಡಿತು. ಆಗ ಹಳೆಯದನ್ನು ಗುರುತಿಸಲು ಬೇರೆ ಹೆಸರು ಬೇಕಾಯಿತು. ಹೀಗೆ ಹಿಂದಿನಿಂದಲೂ ಇದ್ದ ವಸ್ತುವಿಗೆ, ಹೊಸತೊಂದು ಬಂದ ಕಾರಣಕ್ಕೆ ತಡವಾಗಿ ಸಿಗುವ ಹೆಸರನ್ನು ‘ರೆಟ್ರೊನಿಮ್’ ಎನ್ನುತ್ತಾರೆ. ‘ಹಿಂದಕ್ಕೆ’ ಎಂಬ ಅರ್ಥದ ಲ್ಯಾಟಿನ್ ಪದಕ್ಕೆ ‘ಹೆಸರು’ ಎಂಬ ಅರ್ಥದ ಗ್ರೀಕ್ ಪದವನ್ನು ಜೋಡಿಸಿ ಇದನ್ನು ಕಟ್ಟಿದವರು ಅಮೆರಿಕದ ಫ್ರಾಂಕ್ ಮ್ಯಾಂಕ್‌ವಿಟ್ಸ್, ಆಗಿನ ನ್ಯಾಷನಲ್ ಪಬ್ಲಿಕ್ ರೇಡಿಯೊದ ಅಧ್ಯಕ್ಷರು. 1980ರಲ್ಲಿ ವಿಲಿಯಂ ಸಫೈರ್ ನ್ಯೂಯಾರ್ಕ್ ಟೈಮ್ಸ್‌ನ ತಮ್ಮ ಭಾಷಾ ಅಂಕಣದಲ್ಲಿ ಬರೆದ ಮೇಲೆ ಪದ ಹರಡಿತು. ಕನ್ನಡದಲ್ಲಿ ನಾನು ಇದನ್ನು ‘ಮರುಹೆಸರು’ ಎಂದು ಕರೆಯುತ್ತೇನೆ.

ಮರುಹೆಸರು ಒಂದೇ ದಿನಕ್ಕೆ ಹುಟ್ಟುವುದಿಲ್ಲ. ಮೊದಮೊದಲು ವಿಶೇಷಣದ ಹೊರೆ ಹೊಸಬನದೇ. ಬಣ್ಣದ ಟಿವಿ ಬಂದಾಗ ಅದನ್ನು ‘ಕಲರ್ ಟಿವಿ’ ಎಂದೇ ಕರೆಯಬೇಕಿತ್ತು. ಸುಮ್ಮನೆ ‘ಟಿವಿ’ ಎಂದರೆ ಎಲ್ಲರಿಗೂ ತಿಳಿದ ಕಪ್ಪು ಬಿಳುಪಿನದು. ಹೊಸದು ಮನೆಮನೆಗೂ ಬಂದ ಮೇಲೆ ಅದರ ಹಿಂದಿನ ‘ಕಲರ್’ ಕಳಚಿಬಿತ್ತು, ಹಳೆಯದಕ್ಕೆ ‘ಬ್ಲ್ಯಾಕ್ ಆಂಡ್ ವೈಟ್’ ಎಂಬ ಬಾಲ ಅಂಟಿಕೊಂಡಿತು. ಇಂದು ಯಾರಾದರೂ ‘ಕಲರ್ ಟಿವಿ’ ಎಂದರೆ ಅವರ ವಯಸ್ಸನ್ನು ಊಹಿಸಬಹುದು. ಬರಿಯ ಹೆಸರು ಯಾವ ವಸ್ತುವಿನ ಪಾಲಿಗೆ ಹೋಗಿದೆ ಎಂಬುದನ್ನು ನೋಡಿದರೆ ಮಾತನಾಡುವವರು ಯಾವ ತಲೆಮಾರಿನವರು ಎಂದು ತಿಳಿಯುತ್ತದೆ. ಈ ಪದದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ವಿಶೇಷಣ ಇರುವ ಹೆಸರೆಲ್ಲ ಮರುಹೆಸರಲ್ಲ ಎಂಬುದನ್ನೂ ಹೇಳಬೇಕು. ‘ಕೈಗಡಿಯಾರ’ದಲ್ಲಿ ‘ಕೈ’ ಹೊಸ ವಸ್ತುವಿಗೇ ಸೇರಿದ್ದು, ಅದು ಹಾಗೆಯೇ ಉಳಿಯಿತು. ‘ಮುಳ್ಳಿನ ಗಡಿಯಾರ’ ಮಾತ್ರ ಮರುಹೆಸರು. ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಕೈಗಡಿಯಾರ ಮೊದಲ ಬಾರಿಗೆ ಮಾರಾಟಕ್ಕೆ ಬಂದದ್ದು 1972ರಲ್ಲಿ. ಅದಕ್ಕೂ ಮುನ್ನ ಗಡಿಯಾರವೆಂದರೆ ಮುಳ್ಳು ಇರುವುದೇ. ಇದೆ ಎಂದು ಹೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಒಮ್ಮೆ ಇದು ಕಣ್ಣಿಗೆ ಬಿದ್ದರೆ ಎಲ್ಲೆಲ್ಲೂ ಕಾಣಿಸುತ್ತದೆ. ಮಾತನಾಡುವ ಚಿತ್ರಗಳು ಬರುವ ತನಕ ‘ಮೂಕಿ ಚಿತ್ರ’ ಎಂಬುದೊಂದು ಇರಲಿಲ್ಲ, ಬರಿಯ ‘ಚಿತ್ರ’ವಿತ್ತು. 1930ರ ದಶಕದಲ್ಲಿ ವಿದ್ಯುತ್ ಗಿಟಾರ್ ಬಂದ ಮೇಲೆ ಮರದ ಹಳೆಯ ಗಿಟಾರ್ ‘ಅಕೂಸ್ಟಿಕ್’ ಆಯಿತು. ಅಚ್ಚಿನ ಯಂತ್ರ ಬರುವ ಮುನ್ನ ಪುಸ್ತಕವೆಂದರೆ ಕೈಯಲ್ಲಿ ಬರೆದದ್ದೇ. ‘ಹಸ್ತಪ್ರತಿ’ ಎಂದು ಬೇರೆ ಮಾಡಿ ಹೇಳುವ ಅಗತ್ಯ ಅಚ್ಚಿನಿಂದಾಗಿ ಬಂತು. ಈಗ ಇ-ಪುಸ್ತಕದ ದೆಸೆಯಿಂದ ‘ಮುದ್ರಿತ ಪುಸ್ತಕ’ ಎನ್ನುವ ಸರದಿ. 1914ರಿಂದ 1918ರವರೆಗೆ ಕಾದಿದವರಿಗೆ ಅದು ‘ಮಹಾಯುದ್ಧ’ವಾಗಿತ್ತು. ಅದು ‘ಮೊದಲನೆಯ’ ಮಹಾಯುದ್ಧವೆಂದು ನೆಲೆಯಾದದ್ದು 1939ರಲ್ಲಿ ಇನ್ನೊಂದು ತೊಡಗಿದ ಮೇಲೆ. ಅದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಒಂದು ಸಂಖ್ಯಾವಾಚಕ ಸೇರಲು ಇನ್ನೊಂದು ಯುದ್ಧವೇ ಆಗಬೇಕಾಯಿತು.

ನಮ್ಮ ಭಾಷೆಯ ಹೆಸರಿನಲ್ಲೇ ಇಂಥದ್ದೊಂದಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಕನ್ನಡವನ್ನು ‘ಪಳಗನ್ನಡ’ ಎಂದು ಹೆಸರಿಸುತ್ತದೆ. ಇಂದು ನಾವು ಆ ಗ್ರಂಥದ ಭಾಷೆಯನ್ನೇ ‘ಹಳಗನ್ನಡ’ ಎನ್ನುತ್ತೇವೆ.

ಮನೆಯ ಮಾತಿಗೆ ಮರಳುತ್ತೇನೆ. ಹಿಂದೆ ಇಂಥ ಬದಲಾವಣೆಗೆ ತಲೆಮಾರುಗಳೇ ಬೇಕಾಗುತ್ತಿದ್ದವು, ಈಗ ಒಬ್ಬರ ಆಯುಷ್ಯದಲ್ಲೇ ಎರಡು ಮೂರು ಸಲ ಆಗುತ್ತದೆ. ಕೈಯಲ್ಲಿ ಹಿಡಿಯುವ ಮೊಬೈಲ್‌ನಿಂದ ಮಾರ್ಟಿನ್ ಕೂಪರ್ ಮೊದಲ ಕರೆ ಮಾಡಿದ್ದು 1973ರಲ್ಲಿ. ಐಫೋನ್ ಬಂದದ್ದು 2007ರಲ್ಲಿ. ಮೇಜಿನ ಫೋನಿನಿಂದ ಹೆಸರನ್ನು ಕಿತ್ತುಕೊಂಡಿದ್ದ ಮೊಬೈಲ್ ತಾನೂ ಹೆಸರು ಕಳೆದುಕೊಂಡು ‘ಕೀಪ್ಯಾಡ್ ಫೋನ್’ ಆಯಿತು. ಅಮ್ಮ ಕಷ್ಟಪಟ್ಟು ‘ಮೊಬೈಲ್’ ಎಂದು ರೂಢಿ ಮಾಡಿಕೊಳ್ಳುವಷ್ಟರಲ್ಲಿ ಅದೂ ಹಳೆಯ ಮಾತಾಗಿತ್ತು. ಹಿರಿಯರಿಗೆ ಫೋನ್ ಎಂದರೇನೆಂದೇ ತಿಳಿಯದು ಎಂದು ನಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅವರು ಆ ಪದವನ್ನು ಕಲಿತಾಗ ಅದಕ್ಕಿದ್ದ ಅರ್ಥವನ್ನೇ ಅವರು ನಿಷ್ಠೆಯಿಂದ ಉಳಿಸಿಕೊಂಡಿದ್ದಾರೆ, ಅಷ್ಟೆ.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಬಗೆಯೂ ಇದೆ: ವಸ್ತು ಹೋಗುತ್ತದೆ, ಪದ ಉಳಿಯುತ್ತದೆ. “ಸರಿ, ಫೋನ್ ಇಡುತ್ತೇನೆ” ಎಂದು ಮಗಳು ಗೆಳತಿಗೆ ಹೇಳುತ್ತಾಳೆ, ಆದರೆ ಏನನ್ನೂ ಎಲ್ಲಿಯೂ ಇಡುವುದಿಲ್ಲ. ಕರೆ ಮುಗಿದ ಮೇಲೂ ಅದು ಅವಳ ಕೈಯಲ್ಲೇ ಇರುತ್ತದೆ. ರಿಸೀವರನ್ನು ಎತ್ತಿ ಮಾತನಾಡಿ, ತೊಟ್ಟಿಲಿನಂಥ ಕೊಕ್ಕೆಯ ಮೇಲೆ ಮರಳಿ ಇಡುತ್ತಿದ್ದ ಕೈಯ ಚಲನೆ ಮಾತಿನಲ್ಲಿ ಮಾತ್ರ ಉಳಿದಿದೆ. ‘ಡಯಲ್’ ಇದಕ್ಕಿಂತ ದೂರ ಹೋಗುತ್ತದೆ. ಅದರ ಮೂಲ ‘ದಿನ’ ಎಂಬ ಅರ್ಥದ ಲ್ಯಾಟಿನ್ ಪದ. ನೆರಳಿನಿಂದ ಹೊತ್ತು ತಿಳಿಸುವ ಬಿಸಿಲುಗಡಿಯಾರಕ್ಕೆ ಆ ಹೆಸರಿತ್ತು. ಅದು ಗಡಿಯಾರದ ಮುಖಕ್ಕೆ ದಾಟಿತು, ಅಲ್ಲಿಂದ ಟೆಲಿಫೋನಿನಲ್ಲಿ ಬೆರಳು ತೂರಿಸಿ ತಿರುಗಿಸುವ ತಟ್ಟೆಗೆ. 1963ರಲ್ಲಿ ಒತ್ತುಗುಂಡಿಯ ಫೋನ್ ಬಂದು ತಟ್ಟೆ ಮರೆಯಾಗತೊಡಗಿದರೂ ‘ಡಯಲ್ ಮಾಡು’ ಉಳಿಯಿತು. ಈಗ ಗುಂಡಿಯೂ ಇಲ್ಲ, ನುಣುಪಾದ ಗಾಜು.

ಕನ್ನಡದಲ್ಲಿ ಇದಕ್ಕೆ ಸಾಟಿಯಾದದ್ದು ‘ಗಂಟೆ’. ಬಾರಿಸುವ ಗಂಟೆಯೇ ಕಾಲದ ಅಳತೆಯಾಗಿ ನಿಂತಿತು, ಏಕೆಂದರೆ ಹೊತ್ತು ಜನರಿಗೆ ತಿಳಿಯುತ್ತಿದ್ದುದು ಕಿವಿಯಿಂದ. ಸದ್ದಿಲ್ಲದ ಪರದೆ ನೋಡಿಕೊಂಡು “ಈಗ ಎಷ್ಟು ಗಂಟೆ?” ಎನ್ನುವ ಮಗುವಿಗೆ ಆ ನಾದ ಕೇಳಿಸುವುದಿಲ್ಲ. ‘ಗಳಿಗೆ’ಯೂ ಹಾಗೆಯೇ. ಅದು ‘ಘಟಿಕಾ’, ಅಂದರೆ ಚಿಕ್ಕ ಮಡಕೆ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಹಿಡಿಯುವ 24 ನಿಮಿಷವೇ ಒಂದು ಗಳಿಗೆ, ದಿನಕ್ಕೆ ಅಂಥವು 60. “ಒಂದು ಗಳಿಗೆ ಕೂತಿರಿ” ಎನ್ನುವಾಗ ನಾವು ಆ ಬಟ್ಟಲು ಮುಳುಗುವಷ್ಟು ಹೊತ್ತು ಕೂರಲು ಹೇಳುತ್ತಿದ್ದೇವೆ. ನನಗೆ ಇದು ತಿಳಿದ ದಿನದಿಂದ ಆ ಮಾತನ್ನು ಅವಸರದಲ್ಲಿ ಆಡಲು ಆಗುತ್ತಿಲ್ಲ.

ಹಾಗಾಗಿ ಮಕ್ಕಳ ಬಾಯಲ್ಲಿ ಹಿರಿಯರ ಪದ ಎರಡು ರೀತಿಯಲ್ಲಿ ಬದುಕುತ್ತದೆ. ಒಂದೋ ವಿಶೇಷಣ ಹೊತ್ತು ಮರುಹೆಸರಾಗುತ್ತದೆ, ಇಲ್ಲವೇ ಒಳಗಿನ ವಸ್ತುವನ್ನು ಬಿಟ್ಟುಕೊಟ್ಟು ಹೊರಗಿನ ಸದ್ದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅಪರೂಪಕ್ಕೆ ಪದವೊಂದು ಹೊಸ ವಸ್ತುವನ್ನೇ ಹಿಡಿದುಕೊಂಡು ಮರಳುವುದೂ ಉಂಟು. ಸಿನಿಮಾ ಸುರುಳಿಗಿದ್ದ ‘ರೀಲು’ ಈಗ ‘ರೀಲ್ಸ್’ ಆಗಿ ಬಂದಿದೆ. ‘ರೀಲು ಬಿಡುತ್ತಾನೆ’ ಎಂದು ಅಮ್ಮ ಹೇಳಿದರೆ ಅವನು ಸುಳ್ಳು ಪೋಣಿಸುತ್ತಾನೆ ಎಂದರ್ಥ. ಮಗಳು ಅದನ್ನು ವಿಡಿಯೊ ಹಾಕುತ್ತಾನೆ ಎಂದು ತಿಳಿದಳು.

ಕೆಲವು ಮರುಹೆಸರುಗಳು ಹುಟ್ಟುವುದನ್ನು ನಾವೇ ನೋಡಿದ್ದೇವೆ. 2020ರವರೆಗೆ ತರಗತಿ ಎಂದರೆ ತರಗತಿ. ಶಾಲೆಗಳು ಮುಚ್ಚಿ, ಪಾಠ ಪರದೆಗೆ ಬಂದು, ಮತ್ತೆ ಬಾಗಿಲು ತೆರೆದಾಗ ಮಗಳು ಹೋದದ್ದು ‘ಆಫ್‌ಲೈನ್ ತರಗತಿ’ಗೆ. ‘ಪೆಟ್ರೋಲ್ ಕಾರು’ ಎಂದು ಬಿಡಿಸಿ ಹೇಳುವವರೂ ಹೆಚ್ಚುತ್ತಿದ್ದಾರೆ.

ಈಚೆಗೆ ಮಗಳು ಶಾಲೆಗೆ ಬರೆದುಕೊಂಡು ಹೋಗಬೇಕಿದ್ದ ಪ್ರಬಂಧದ ಕೊನೆಯಲ್ಲಿ, ಯಂತ್ರದ ನೆರವಿಲ್ಲದೆ ತಾನೇ ಬರೆದದ್ದು ಎಂದು ಒಂದು ಸಾಲು ಸೇರಿಸಬೇಕಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಅದನ್ನು ಓದಿ, “ಪ್ರಬಂಧ ಎಂದರೆ ತಾನೇ ಬರೆಯುವುದಲ್ಲವೇನೇ?” ಎಂದು ಕೇಳಿದರು. ಮಗಳು ಈ ಸಲ ಅಜ್ಜಿಯನ್ನು ತಿದ್ದಲಿಲ್ಲ. “ನಾನೂ ಮಿಸ್‌ಗೆ ಅದನ್ನೇ ಕೇಳಿದೆ ಅಜ್ಜಿ” ಎಂದಳು.