ವ್ಯಾಟ್ ಹೇಳಬೇಡಿ, ಗಡ್ಡೆಯ ಉದ್ದ ಹೇಳಿ

ಲೇಸರ್ ಬೆಳಕನ್ನು ಮೈಯೊಳಕ್ಕೆ ಒಯ್ಯುವ ಫೈಬರ್ ಎಳೆಗಳನ್ನು ಆಸ್ಪತ್ರೆಗಳಿಗೆ ಕೊಡುವವನು ನಾನು. ಪರ್ಚೇಸ್ ವಿಭಾಗದವರು ಫೋನ್ ಮಾಡಿದಾಗ ಸಾಮಾನ್ಯವಾಗಿ ಹೀಗೇ ಕೇಳುತ್ತಾರೆ: "ಸರ್, ನಮ್ದು ಎರಡು ವ್ಯಾಟ್ ಲೇಸರ್. ಒಂದು ಡಿಫ್ಯೂಸರ್ ಫೈಬರ್ ಬೇಕು. ಉದ್ದದ್ದೇ ಕೊಟ್ಬಿಡಿ, ಎಲ್ಲಾ ಕೇಸಿಗೂ ಆಗುತ್ತೆ." ಆ ಕೊನೆಯ ಮಾತು ಕೇಳಿದರೆ ನನಗೆ ತಲೆ ಕೆಡುತ್ತದೆ. ಉದ್ದದ್ದು ಎಲ್ಲಾ ಕೇಸಿಗೂ ಆಗುವುದಿಲ್ಲ.

ಅವರು ಕೇಳುವ ಈ ಸಿಲಿಂಡರ್ ಡಿಫ್ಯೂಸರಿನಲ್ಲಿ ಬೆಳಕು ತುದಿಯಿಂದ ನೇರ ಮುಂದಕ್ಕೆ ಹೋಗದೆ, ಕೊನೆಯ ಕೆಲವು ಸೆಂಟಿಮೀಟರ್ ಉದ್ದಕ್ಕೂ ಸುತ್ತಲೂ ಹೊರಬರುತ್ತದೆ. ತೋಟದ ಡ್ರಿಪ್ ಪೈಪಿನ ಹಾಗೆ. ಮೋಟರ್ ಅದೇ ಇಟ್ಟುಕೊಂಡು ಪೈಪ್ ಮಾತ್ರ ಉದ್ದ ಮಾಡಿದರೆ ಒಂದೊಂದು ಗಿಡಕ್ಕೆ ಸಿಗುವ ನೀರು ಕಮ್ಮಿಯಾಗುತ್ತದೆ, ಅಲ್ವಾ? ಹಾಗಾಗಿ ಇಲ್ಲಿ ಮುಖ್ಯವಾಗುವುದು ಒಟ್ಟು ವ್ಯಾಟ್ ಅಲ್ಲ, ಒಂದು ಸೆಂಟಿಮೀಟರಿಗೆ ಎಷ್ಟು ಅನ್ನುವುದು.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅನ್ನನಾಳದ ಕ್ಯಾನ್ಸರಿಗೆ ಫೋಟೋಫ್ರಿನ್ ಎಂಬ ಔಷಧಿ ಕೊಟ್ಟು, 630 ನ್ಯಾನೋಮೀಟರಿನ ಕೆಂಪು ಬೆಳಕು ಹಾಯಿಸುವ ಚಿಕಿತ್ಸೆ ಇದೆ. ಬೆಳಕು ಬಿದ್ದ ಕಡೆ ಔಷಧಿ ಕೆರಳಿ ಅಲ್ಲಿನ ಜೀವಕೋಶಗಳನ್ನು ಕೊಲ್ಲುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು 1995ರಲ್ಲಿ ಒಪ್ಪಿತು. ಅಲ್ಲಿ ಹೇಳಿರುವ ಪ್ರಮಾಣ ಸೆಂಟಿಮೀಟರಿಗೆ 300 ಜೂಲ್, ಅದೂ ಸೆಂಟಿಮೀಟರಿಗೆ 400 ಮಿಲಿವ್ಯಾಟಿನ ಹಾಗೆ. ಎರಡೂವರೆ ಸೆಂಟಿಮೀಟರ್ ಡಿಫ್ಯೂಸರಿನಿಂದ 1 ವ್ಯಾಟ್ ಹೊರಬಂದರೆ ಸರಿಯಾಗಿ 400 ಸಿಗುತ್ತದೆ. ಹನ್ನೆರಡೂವರೆ ನಿಮಿಷಕ್ಕೆ ಕೆಲಸ ಮುಗಿಯುತ್ತದೆ. ಅದೇ 1 ವ್ಯಾಟನ್ನು 5 ಸೆಂಟಿಮೀಟರ್ ಡಿಫ್ಯೂಸರಿಗೆ ಬಿಡಿ. ಸೆಂಟಿಮೀಟರಿಗೆ 200 ಮಿಲಿವ್ಯಾಟ್ ಅಷ್ಟೇ. ಟೈಮರ್ ಬದಲಾಯಿಸದಿದ್ದರೆ ರೋಗಿಗೆ ಅರ್ಧ ಡೋಸ್ ಮಾತ್ರ ಹೋಗುತ್ತದೆ. 1 ಸೆಂಟಿಮೀಟರಿನದಕ್ಕೆ ಬಿಟ್ಟರೆ ಎರಡೂವರೆ ಪಟ್ಟು ಡೋಸ್. ಮೂರು ಸಲವೂ ಮಷೀನಿನ ಡಿಸ್‌ಪ್ಲೇ ಮೇಲೆ ಒಂದೇ ಅಂಕಿ!

ಪವರ್ ಏರಿಸಿ ಸರಿ ಮಾಡಿಕೊಳ್ಳಬಹುದಲ್ಲಾ ಅನ್ನುತ್ತಾರೆ. ಲೇಸರಿಗೆ ಅಷ್ಟು ಶಕ್ತಿ ಇದ್ದು, ಫೈಬರ್ ಅದನ್ನು ತಡೆದುಕೊಂಡರೆ ಪ್ರಮಾಣವೇನೋ ಸರಿಹೋಗುತ್ತದೆ. ಆದರೆ ಗಡ್ಡೆ ಎರಡು ಸೆಂಟಿಮೀಟರ್ ಇದ್ದು ಡಿಫ್ಯೂಸರ್ ಐದು ಇದ್ದರೆ, ಉಳಿದ ಮೂರು ಸೆಂಟಿಮೀಟರ್ ಬೆಳಕು ಚೆನ್ನಾಗಿರುವ ಅನ್ನನಾಳದ ಮೇಲೇ ಬೀಳುತ್ತದೆ. ಆ ಔಷಧಿ ಅಲ್ಲೂ ಸ್ವಲ್ಪ ಇರುತ್ತದೆ. ಗಡ್ಡೆ ಉದ್ದ ಇದ್ದರೆ ಭಾಗ ಭಾಗವಾಗಿ ಬೆಳಕು ಕೊಡುವ ಕ್ರಮವಿದೆ. ಎಲ್ಲಿಂದ ಎಲ್ಲಿಗೆ ಅನ್ನುವುದು ಡಾಕ್ಟರ ತೀರ್ಮಾನ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ.

ಅಳೆಯುವುದರಲ್ಲೂ ಎಡವುತ್ತಾರೆ. ಈಚೆಗೆ ನಗರದ ಒಂದು ಆಸ್ಪತ್ರೆಯ ಟೆಕ್ನಿಷಿಯನ್ ಹುಡುಗ ಗಾಬರಿಯಿಂದ ಫೋನ್ ಮಾಡಿದ. "ಸರ್, ಫೈಬರ್ ಡಿಫೆಕ್ಟ್ ಇದೆ. ಮೀಟರಿನಲ್ಲಿ ಏನೂ ಬರ್ತಿಲ್ಲ, ಪವರ್ ಇನ್ನೂ ಏರಿಸ್ಲಾ?" ಪೀಣ್ಯದಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಸಂಜೆಯಾಗುತ್ತಿತ್ತು. ವಿಡಿಯೋ ಕಾಲ್ ಮಾಡಿಸಿದೆ. ಚಪ್ಪಟೆ ಸೆನ್ಸರಿನ ಮೀಟರ್ ಮುಂದೆ ತುದಿ ಹಿಡಿದಿದ್ದ. ಅವನ ಬೆರಳು, ಗ್ಲೌಸು, ಪಕ್ಕದ ಸ್ಟೀಲ್ ಟ್ರೇ ಎಲ್ಲಾ ಕೆಂಪು. ಬೆಳಕೆಲ್ಲ ಅಲ್ಲಿಗೆ ಹೋಗುತ್ತಿತ್ತು, ಮೀಟರಿಗೆ ಮಾತ್ರ ಹೋಗುತ್ತಿರಲಿಲ್ಲ. "ಮೊದಲು ಲೇಸರ್ ಆಫ್ ಮಾಡಿ ಕನ್ನಡಕ ಹಾಕ್ಕೊಳಪ್ಪಾ" ಅಂದೆ. ಸುತ್ತಲೂ ಹರಡುವ ಬೆಳಕನ್ನು ಅಳೆಯಲು ಇಂಟಿಗ್ರೇಟಿಂಗ್ ಸ್ಫಿಯರ್ ಬೇಕು: ಒಳಗೆ ಬಿಳಿ ಲೇಪನವಿರುವ ಟೊಳ್ಳು ಗೋಳ. ತುದಿಯನ್ನು ಪೂರ್ತಿ ಅದರೊಳಗೆ ಇಳಿಸಬೇಕು. ಅವನ ಆಸ್ಪತ್ರೆಯಲ್ಲೇ ಅದು ಇತ್ತು, ಕಪಾಟಿನಲ್ಲಿ, ಪ್ಯಾಕಿಂಗ್ ಬಿಚ್ಚದೆ. ಪಾಪ, ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಇನ್ನು ತರಂಗಾಂತರ, ಕನೆಕ್ಟರ್, ತುದಿ ಎಷ್ಟು ಪವರ್ ತಡೆಯುತ್ತದೆ ಅನ್ನುವುದು. ತಯಾರಕರ ಶೀಟಿನಲ್ಲಿ ಎಲ್ಲಾ ಇರುತ್ತದೆ, ಓದಿ. ಕೆಂಪು ಬೆಳಕಿಗೆಂದು ಮಾಡಿದ ಪ್ಲಾಸ್ಟಿಕ್ ತುದಿಯನ್ನು ವೆರಿಕೋಸ್ ವೇನ್ಸಿನ 1470 ನ್ಯಾನೋಮೀಟರ್ ಲೇಸರಿಗೆ ಸಿಕ್ಕಿಸಬೇಡಿ. ಒಂದು ಸಲದ ಬಳಕೆಗೆ ಅಂತ ಬರೆದಿದ್ದರೆ ತೊಳೆದು ಎತ್ತಿಡಬೇಡಿ. ಅಂಟಿಕೊಂಡ ರಕ್ತ ಬೆಳಕು ಹೀರಿ ಸುಟ್ಟು ಕರಿಯಾಗುತ್ತದೆ, ಆಮೇಲೆ ತುದಿಯೇ ಕಾಯುತ್ತದೆ.

ಫೋಟೋಫ್ರಿನ್ ತೆಗೆದುಕೊಂಡ ರೋಗಿ ಇಂಜೆಕ್ಷನ್ ಆಗಿ ಸುಮಾರು ಎರಡು ದಿನ ಈ ಬೆಳಕಿಗಾಗಿ ಕಾಯುತ್ತಾರೆ. ಕಡಿಮೆ ಅಂದರೂ ಒಂದು ತಿಂಗಳು ಬಿಸಿಲಿಗೆ ಮೈಯೊಡ್ಡುವ ಹಾಗಿಲ್ಲ. ಅಷ್ಟೆಲ್ಲ ಸಹಿಸಿ ಬಂದವರಿಗೆ ಸ್ಟೋರಿನಲ್ಲಿ ಇದೊಂದೇ ಇತ್ತು ಅಂತ ತಪ್ಪು ಅಳತೆಯ ಫೈಬರ್ ಹಾಕುವುದು ನನಗೆ ಸಹಿಸಲಾಗದ ಮಾತು. ಆದ್ದರಿಂದ ಇಂಜೆಕ್ಷನ್ ದಿನ ಗೊತ್ತಾಗುವ ಮೊದಲೇ ಎಂಡೋಸ್ಕೋಪಿ ಮಾಡಿದ ಡಾಕ್ಟರ ಹತ್ತಿರ ಗಡ್ಡೆಯ ಉದ್ದ ಕೇಳಿ ಬರೆದುಕೊಳ್ಳಿ, ಆಮೇಲೆ ನನಗೆ ಫೋನ್ ಮಾಡಿ. ಭಾನುವಾರ ಆದರೂ ಪರವಾಗಿಲ್ಲ.